ಔಷಧದ ಜೊತೆಗೆ ರೇಖಿಯೋ, ಮಸಾಜೋ, ಸೂಜಿಯೋ: ದೀರ್ಘ ಕಾಯಿಲೆಯವರು ಆರಿಸಿಕೊಳ್ಳುವ ಬಗೆ

ರುಮಟಾಯ್ಡ್ ಸಂಧಿವಾತ ಎಂದು ವೈದ್ಯರು ಹೇಳಿದ ತಿಂಗಳೊಳಗೆ ಮನೆಗೆ ಸಲಹೆಗಳ ಸಾಲು ಬರುತ್ತದೆ. ಅಂಗೈಯಿಂದ ಜೀವಶಕ್ತಿ ಹರಿಸಿ ನೆಮ್ಮದಿ ಕೊಡುತ್ತೇವೆನ್ನುವ ರೇಖಿ ಪದ್ಧತಿಯ ಮಾಸ್ಟರ್ ಒಬ್ಬರು ಚಿಕ್ಕಮ್ಮನಿಗೆ ಗೊತ್ತಿದ್ದಾರೆ. ಕಚೇರಿಯ ಗೆಳತಿ ಪ್ರಾಣಿಕ್ ಹೀಲಿಂಗ್ ಕಲಿತಿದ್ದಾಳೆ. ಮೇಲಿನ ಮನೆಯವರು ಕೇರಳದ ಎಣ್ಣೆ ಮಸಾಜಿನಿಂದಲೇ ಮಂಡಿನೋವು ಹೋಯಿತೆನ್ನುತ್ತಾರೆ. ಅಕ್ಯುಪಂಕ್ಚರ್, ಪಾದದ ರಿಫ್ಲೆಕ್ಸಾಲಜಿ, ಯೋಗ, ಫಿಸಿಯೋಥೆರಪಿ, ಪ್ರತಿಯೊಂದಕ್ಕೂ ಒಬ್ಬರಲ್ಲ ಒಬ್ಬರು ಸಾಕ್ಷಿ ನುಡಿಯುತ್ತಾರೆ. ಹೇಳುವವರೆಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಕೇಳಿಸಿಕೊಳ್ಳುವವರ ಬಳಿ ಮಾತ್ರ ಎಲ್ಲವನ್ನೂ ಮಾಡಿ ನೋಡುವಷ್ಟು ಹಣವೂ ಇರುವುದಿಲ್ಲ, ಮೈಯಲ್ಲಿ ತ್ರಾಣವೂ ಇರುವುದಿಲ್ಲ.

ನಾನು ಈ ಕಾಯಿಲೆಯ ಜೊತೆಗೇ ಬದುಕುತ್ತಿರುವವಳು. ವೈದ್ಯರ ಚಿಕಿತ್ಸೆಯನ್ನು ಶುರುಮಾಡಿ, ಅದರ ಪಕ್ಕದಲ್ಲಿ ಇನ್ನೇನಾದರೂ ನೆಮ್ಮದಿ ಕೊಡಬಹುದೇ ಎಂದು ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಂಧಿವಾತದ ಉದಾಹರಣೆಗಳು ಹೆಚ್ಚು ಬರುತ್ತವೆ, ಏಕೆಂದರೆ ನಾನು ಹತ್ತಿರದಿಂದ ಬಲ್ಲದ್ದು ಅದನ್ನೇ. ಕ್ಯಾನ್ಸರ್, ಮಧುಮೇಹ, ಮೂತ್ರಪಿಂಡದ ಕಾಯಿಲೆ ಇರುವವರಿಗೂ ಲೆಕ್ಕಾಚಾರ ಬಹುಮಟ್ಟಿಗೆ ಒಂದೇ. ಎಚ್ಚರಿಕೆಗಳು ಮಾತ್ರ ಬೇರೆ, ಅವುಗಳನ್ನು ಪ್ರತ್ಯೇಕವಾಗಿ ಹೇಳಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದದ್ದು

"ಯಾವುದು ಒಳ್ಳೆಯದು?" ಎಂದು ಕೇಳುವ ಮೊದಲು "ಯಾವುದಕ್ಕೆ?" ಎಂದು ಕೇಳಿಕೊಳ್ಳಬೇಕು. ದೀರ್ಘ ಕಾಯಿಲೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಒಂದು, ದೇಹದೊಳಗೆ ರೋಗ ಮಾಡುತ್ತಿರುವ ಕೆಲಸ: ಕೀಲಿನ ಒಳಪೊರೆ ಉರಿಯುವುದು, ಗೆಡ್ಡೆ ಬೆಳೆಯುವುದು, ರಕ್ತದಲ್ಲಿ ಸಕ್ಕರೆ ಏರುವುದು. ಇನ್ನೊಂದು, ನಾವು ದಿನವೂ ಅನುಭವಿಸುವ ಸಂಕಟ: ನೋವು, ನಿದ್ದೆಗೇಡು, ಆಯಾಸ, ಭಯ, ಒಂಟಿತನ. ಎರಡೂ ನಿಜ, ಎರಡಕ್ಕೂ ಆರೈಕೆ ಬೇಕು. ಆದರೆ ಎರಡನೆಯದು ತಗ್ಗಿತೆಂದ ಮಾತ್ರಕ್ಕೆ ಮೊದಲನೆಯದು ತಗ್ಗಿರಬೇಕೆಂದಿಲ್ಲ.

ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಸ್ತಮಾ ಅಧ್ಯಯನ. ಒಂದೇ ರೋಗಿಗಳಿಗೆ ಬೇರೆ ಬೇರೆ ದಿನಗಳಲ್ಲಿ ಶ್ವಾಸನಾಳ ಅಗಲಿಸುವ ಆಲ್ಬುಟೆರಾಲ್ ಔಷಧದ ನಿಜವಾದ ಇನ್‌ಹೇಲರ್, ಔಷಧವಿಲ್ಲದ ಇನ್‌ಹೇಲರ್, ಚುಚ್ಚದೆಯೇ ಚುಚ್ಚಿದಂತೆ ತೋರುವ ಹುಸಿ ಅಕ್ಯುಪಂಕ್ಚರ್ ಕೊಟ್ಟರು, ಕೆಲವು ದಿನ ಏನನ್ನೂ ಕೊಡಲಿಲ್ಲ. ಶ್ವಾಸಕೋಶದಿಂದ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣ ನಿಜವಾದ ಔಷಧದಿಂದ ಶೇ 20ರಷ್ಟು ಸುಧಾರಿಸಿತು. ಉಳಿದ ಮೂರರಲ್ಲೂ ಸುಧಾರಣೆ ಶೇ 7ರ ಆಸುಪಾಸಿನಲ್ಲೇ ಇತ್ತು. "ನಿಮಗೆ ಎಷ್ಟು ಹಗುರವಾಯಿತು?" ಎಂದು ಕೇಳಿದಾಗ ಮಾತ್ರ ನಿಜ ಔಷಧ, ಖಾಲಿ ಇನ್‌ಹೇಲರ್, ಹುಸಿ ಸೂಜಿ ಮೂರಕ್ಕೂ ರೋಗಿಗಳು ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರು. ಅವರು ಸುಳ್ಳು ಹೇಳಲಿಲ್ಲ, ಅವರಿಗೆ ನಿಜವಾಗಿಯೂ ಹಗುರವೆನಿಸಿತ್ತು. ಶ್ವಾಸನಾಳ ಮಾತ್ರ ಹಾಗೆಯೇ ಕಿರಿದಾಗಿತ್ತು. ಆಸ್ತಮಾದಲ್ಲಿ ಈ ಅಂತರ ಪ್ರಾಣಕ್ಕೇ ಬರಬಹುದು.

ಹಾಗಾಗಿ ಈ ಬರಹದಲ್ಲಿ "ಕೆಲಸ ಮಾಡುತ್ತದೆ" ಎಂದಾಗಲೆಲ್ಲ ಅದು ಸಂಕಟಕ್ಕೆ ಸಂಬಂಧಿಸಿದ ಮಾತು. ರೇಖಿಯಾಗಲಿ, ಮಸಾಜ್ ಆಗಲಿ, ಸೂಜಿಯಾಗಲಿ ಕೀಲಿನ ಸವೆತವನ್ನು ತಡೆಯುವುದಿಲ್ಲ, ಗೆಡ್ಡೆಯನ್ನು ಕರಗಿಸುವುದಿಲ್ಲ. ಆ ಕೆಲಸ ಸಂಧಿವಾತದ ಮುಖ್ಯ ಔಷಧವಾದ ಮೆಥೊಟ್ರೆಕ್ಸೇಟಿನದು, ಕಿಮೋಥೆರಪಿಯದು, ಇನ್ಸುಲಿನ್ನಿನದು.

ಸುಧಾರಣೆಯ ಶ್ರೇಯಸ್ಸು ಯಾರಿಗೆ ಸೇರಬೇಕು ಎಂಬುದರಲ್ಲೂ ನಾವು ಸುಲಭವಾಗಿ ದಾರಿ ತಪ್ಪುತ್ತೇವೆ. ಮೆಥೊಟ್ರೆಕ್ಸೇಟ್ ತನ್ನ ಪರಿಣಾಮ ತೋರಿಸಲು ಸಾಮಾನ್ಯವಾಗಿ 6ರಿಂದ 12 ವಾರ ತೆಗೆದುಕೊಳ್ಳುತ್ತದೆ. ಮೊದಲ ಎರಡು ವಾರ ಏನೂ ಗೊತ್ತಾಗದೆ, ವಾಕರಿಕೆಯಿಂದ ಬೇಸತ್ತು, ನಾಲ್ಕನೆಯ ವಾರ ಹೀಲಿಂಗಿಗೆ ಹೋದವರಿಗೆ ಎಂಟನೆಯ ವಾರ ಬೆರಳು ಮಡಚಲು ಬಂದರೆ ಯಾರಿಗೆ ಕೈಮುಗಿಯುತ್ತಾರೆ? ಮಾತ್ರೆಗಂತೂ ಮುಗಿಯುವುದಿಲ್ಲ. ಇದಲ್ಲದೆ ಸಂಧಿವಾತ, ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್, ಮೈಗ್ರೇನ್‌ನಂಥ ಕಾಯಿಲೆಗಳು ತಾವಾಗಿಯೇ ಏರುತ್ತವೆ, ಇಳಿಯುತ್ತವೆ. ನಾವು ಹೊಸ ಚಿಕಿತ್ಸೆ ಹುಡುಕಿ ಹೊರಡುವುದು ನೋವು ತುತ್ತತುದಿಯಲ್ಲಿದ್ದಾಗ. ಅಲ್ಲಿಂದ ಮುಂದೆ ಅದು ಸ್ವಲ್ಪ ಇಳಿಯುವ ಸಂಭವವೇ ಹೆಚ್ಚು, ಯಾರ ಬಾಗಿಲು ತಟ್ಟಿದರೂ ಸರಿ.

ರೇಖಿ, ಪ್ರಾಣಿಕ್ ಹೀಲಿಂಗ್ ಮತ್ತು ಅದೇ ಬಳಗ

ರೇಖಿ ಜಪಾನಿನ ಮಿಕಾವೊ ಉಸುಯಿ ಅವರಿಂದ ಬಂದದ್ದು. 1922ರಲ್ಲಿ ಕುರಾಮಾ ಬೆಟ್ಟದಲ್ಲಿ ಉಪವಾಸವಿದ್ದಾಗ ಅವರಿಗೆ ಇದು ಒಲಿಯಿತೆಂಬುದು ಪರಂಪರೆಯ ನಂಬಿಕೆ. 1930ರ ದಶಕದಲ್ಲಿ ಹವಾಯೊ ತಕಾಟಾ ಅದನ್ನು ಹವಾಯಿಗೆ ಒಯ್ದರು, ಅಲ್ಲಿಂದ ಜಗತ್ತಿಗೆ ಹರಡಿತು. ರೋಗಿ ಬಟ್ಟೆ ತೊಟ್ಟೇ ಮಲಗಿರುತ್ತಾರೆ, ಹೀಲರ್ ತಲೆ, ಎದೆ, ಹೊಟ್ಟೆ, ಕಾಲುಗಳ ಮೇಲೆ ಹಗುರವಾಗಿ ಅಂಗೈ ಇಡುತ್ತಾರೆ ಅಥವಾ ಕೊಂಚ ಮೇಲೆ ಹಿಡಿಯುತ್ತಾರೆ. ಪ್ರಾಣಿಕ್ ಹೀಲಿಂಗನ್ನು ರೂಪಿಸಿದವರು ಫಿಲಿಪ್ಪೀನ್ಸಿನ ಚೋವಾ ಕೊಕ್ ಸೂಯಿ. ಇಲ್ಲಿ ಮುಟ್ಟುವುದೇ ಇಲ್ಲ. ದೇಹದ ಸುತ್ತ ಇದೆಯೆನ್ನುವ ಪ್ರಭೆಯನ್ನು ಕೈಯಿಂದ ಸವರಿ, ತೆಗೆದದ್ದನ್ನು ಉಪ್ಪುನೀರಿನ ಬಟ್ಟಲಿಗೆ ಒದರುತ್ತಾರೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುವುದನ್ನು ಕಂಡು ಬೆಳೆದ ನಮಗೆ ಇದು ಅಪರಿಚಿತವೆನಿಸುವುದಿಲ್ಲ. ನಮ್ಮ ಊರುಗಳಲ್ಲಿ ಅದು ಇಷ್ಟು ಬೇಗ ಬೇರೂರಲು ಅದೂ ಒಂದು ಕಾರಣವಿರಬಹುದೆಂದು ನನಗನಿಸುತ್ತದೆ.

ಇಲ್ಲಿ ಹರಿಯುತ್ತದೆ ಎನ್ನುವ ಶಕ್ತಿಯನ್ನು ಅಳೆಯಲು ಇದುವರೆಗೆ ಆಗಿಲ್ಲ. ಅಮೆರಿಕದಲ್ಲಿ ಎಮಿಲಿ ರೋಸಾ ಎಂಬ ಒಂಬತ್ತು ವರ್ಷದ ಹುಡುಗಿ ಶಾಲೆಯ ವಿಜ್ಞಾನ ಪ್ರಯೋಗವಾಗಿ ಇದನ್ನೇ ಪರೀಕ್ಷಿಸಿದಳು. ರೇಖಿಗೆ ಸಮೀಪದ 'ಥೆರಪ್ಯೂಟಿಕ್ ಟಚ್' ಪದ್ಧತಿಯ 21 ಮಂದಿ ಪರದೆಯೊಂದರ ಆಚೆ ಅಂಗೈ ಚಾಚಿ ಕುಳಿತರು, ಯಾವ ಅಂಗೈಯ ಮೇಲೆ ಹುಡುಗಿಯ ಕೈ ಇದೆ ಎಂದು ಹೇಳಬೇಕಿತ್ತು. ಶೇ 44ರಷ್ಟು ಸಲ ಸರಿಯಾಗಿ ಹೇಳಿದರು. ನಾಣ್ಯ ಚಿಮ್ಮಿದರೂ ಶೇ 50 ಬರುತ್ತದೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಅದನ್ನು ಪ್ರಕಟಿಸಿತು.

ಹಾಗಾದರೆ ಅನುಭವವೆಲ್ಲ ಸುಳ್ಳೇ? ಖಂಡಿತ ಇಲ್ಲ. ಕಿಮೋಥೆರಪಿ ಪಡೆಯುತ್ತಿದ್ದ 189 ಮಂದಿಯ ಮೇಲೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಒಂದು ಗುಂಪಿಗೆ ರೇಖಿ, ಇನ್ನೊಂದಕ್ಕೆ ರೇಖಿಯಂತೆ ನಟಿಸಿದ ಹುಸಿ ಚಿಕಿತ್ಸೆ, ಮೂರನೆಯದಕ್ಕೆ ಎಂದಿನ ಶುಶ್ರೂಷೆ. ರೇಖಿ ಮತ್ತು ಹುಸಿ ರೇಖಿ ಎರಡೂ ಗುಂಪಿನವರು ಹೆಚ್ಚು ಹಾಯೆನಿಸಿತೆಂದರು, ಅವರಿಬ್ಬರ ನಡುವೆ ವ್ಯತ್ಯಾಸವಿರಲಿಲ್ಲ. ಡ್ರಿಪ್ ಹಾಕಿಸಿಕೊಂಡು ಕುಳಿತವರ ಪಕ್ಕದಲ್ಲಿ ಒಬ್ಬರು ಪೂರ್ಣ ಗಮನ ಕೊಟ್ಟು ಕುಳಿತದ್ದೇ ಕೆಲಸ ಮಾಡಿತ್ತು. ಇದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಹೊರರೋಗಿ ವಿಭಾಗದಲ್ಲಿ ಮೂರು ತಾಸು ಕಾದು ಐದು ನಿಮಿಷ ವೈದ್ಯರ ಮುಖ ನೋಡಿ ಬರುವವರಿಗೆ, ಒಂದು ತಾಸು ಯಾರೋ ತನಗಾಗಿಯೇ ಇದ್ದಾರೆ ಎಂಬುದು ದೊಡ್ಡ ಸಂಗತಿ. ಆದರೆ ದೀರ್ಘ ನೋವಿನ ಮಟ್ಟಿಗೆ ಉತ್ತರ ಅಷ್ಟು ಆಶಾದಾಯಕವಾಗಿಲ್ಲ. ಮೈಯೆಲ್ಲ ದೀರ್ಘಕಾಲ ನೋಯುವ ಫೈಬ್ರೊಮಯಾಲ್ಜಿಯಾ ಇದ್ದ 100 ಮಂದಿಗೆ ವಾರಕ್ಕೆ ಎರಡರಂತೆ ಎಂಟು ವಾರ ರೇಖಿ ಕೊಟ್ಟು ನೋಡಿದ 2008ರ ಅಧ್ಯಯನದಲ್ಲಿ ನೋವು ತಗ್ಗಲಿಲ್ಲ. ಕೊಟ್ಟವರು ನುರಿತ ಮಾಸ್ಟರ್ ಆಗಿದ್ದರೂ, ನಟರಾಗಿದ್ದರೂ ಫಲಿತಾಂಶ ಒಂದೇ.

ಹೀಗಾಗಿ ಆತಂಕ, ನಿದ್ದೆಗೇಡು, ಚಿಕಿತ್ಸೆಯ ದಿನಗಳ ದಿಗಿಲು ನಿಮ್ಮ ಮುಖ್ಯ ಸಂಕಟವಾಗಿದ್ದರೆ, ಮೈ ಮುಟ್ಟಿಸಿಕೊಳ್ಳಲಾರದಷ್ಟು ನೋಯುತ್ತಿದ್ದರೆ, ಪ್ಲೇಟ್‌ಲೆಟ್ ಕುಸಿದು ಮಸಾಜ್ ಮಾಡಿಸಿಕೊಳ್ಳುವಂತಿಲ್ಲದಿದ್ದರೆ ರೇಖಿಯನ್ನು ಪರಿಗಣಿಸಬಹುದು. ಅದರಿಂದ ದೇಹಕ್ಕೆ ನೇರ ಅಪಾಯ ಹೆಚ್ಚುಕಡಿಮೆ ಇಲ್ಲವೆಂಬುದೇ ಅದರ ದೊಡ್ಡ ಬಲ. ನೋವು ಇಳಿಸಲು, ಕೀಲು ಸಡಿಲಿಸಲು ಬೇಕಿದ್ದರೆ ಹಣವನ್ನು ಬೇರೆಡೆ ಹಾಕಿ. ರೇಖಿಯ ಮೊದಲ ಹಂತವನ್ನು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಕಲಿಸಿಬಿಡುತ್ತಾರೆ. ಆಸಕ್ತಿ ಇದ್ದವರು ಅದನ್ನು ಕಲಿತು ತಮಗೆ ತಾವೇ ಮಾಡಿಕೊಳ್ಳುವುದು, ತಿಂಗಳುಗಟ್ಟಲೆ ಸಿಟ್ಟಿಂಗ್‌ಗಳಿಗೆ ದುಡ್ಡು ಕೊಡುವುದಕ್ಕಿಂತ ಮೇಲು. ದೂರದಿಂದ ಹೀಲಿಂಗ್ ಕಳಿಸುತ್ತೇವೆಂದು ಫೋಟೊ ತರಿಸಿಕೊಂಡು ಹಣ ಕೇಳುವವರಿಗೆ ಕೊಡಲು ನಾನು ಯಾವ ಕಾರಣವನ್ನೂ ಕಾಣೆ. ಅಲ್ಲಿ ಸ್ಪರ್ಶವೂ ಇಲ್ಲ, ಪಕ್ಕದಲ್ಲಿ ಕುಳಿತ ಮನುಷ್ಯರೂ ಇಲ್ಲ.

ಮಸಾಜ್ ಮತ್ತು ಎಣ್ಣೆಯ ಅಭ್ಯಂಗ

ಮಸಾಜಿನ ವಿಷಯದಲ್ಲಿ ಪುರಾವೆ ಗಟ್ಟಿಯಾಗುತ್ತದೆ, ಅದರ ಜೊತೆಗೆ ಅಪಾಯವೂ ಏರುತ್ತದೆ. ಸ್ನಾಯುವನ್ನು ಒತ್ತಿದಾಗ, ನೀವಿದಾಗ ದೇಹದಲ್ಲಿ ನಿಜವಾಗಿಯೂ ಬದಲಾವಣೆಗಳು ಆಗುತ್ತವೆ. ಅದಕ್ಕಾಗಿಯೇ ಅದು ನೋವು ಇಳಿಸಬಲ್ಲದು, ಅದಕ್ಕಾಗಿಯೇ ತಪ್ಪು ಜಾಗದಲ್ಲಿ ಹಾನಿಯನ್ನೂ ಮಾಡಬಲ್ಲದು.

ದೀರ್ಘಕಾಲದ ಸೊಂಟನೋವಿದ್ದ 401 ಮಂದಿಯ ಅಧ್ಯಯನ 2011ರಲ್ಲಿ ಬಂತು. ವಾರಕ್ಕೊಮ್ಮೆಯಂತೆ ಹತ್ತು ವಾರ ಮಸಾಜ್ ಪಡೆದವರು ಎಂದಿನ ಚಿಕಿತ್ಸೆಯಲ್ಲಿದ್ದವರಿಗಿಂತ ಚೆನ್ನಾಗಿ ಓಡಾಡುವಂತಾದರು, ಆ ಲಾಭ ಆರು ತಿಂಗಳವರೆಗೂ ಉಳಿಯಿತು. ಗಮನಿಸಬೇಕಾದದ್ದು ಏನೆಂದರೆ, ನಿರ್ದಿಷ್ಟ ಸ್ನಾಯುಗಳನ್ನು ಗುರಿಯಿಟ್ಟು ಮಾಡುವ ವಿಶೇಷ ಮಸಾಜಿಗೂ ಸಾಮಾನ್ಯ ಹಗುರ ಮಸಾಜಿಗೂ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ವಿಶೇಷ ಹೆಸರಿನ, ದುಬಾರಿ ಪ್ಯಾಕೇಜಿಗೆ ಬಲಿಯಾಗಬೇಕಿಲ್ಲ. ಜೋರಾಗಿ ಅಮುಕಿ ಕಣ್ಣಲ್ಲಿ ನೀರು ಬರಿಸಿದರೆ ಮಾತ್ರ ಗುಣ ಎಂಬ ನಂಬಿಕೆ ನಮ್ಮಲ್ಲಿದೆ. ದೀರ್ಘ ಕಾಯಿಲೆಯವರಿಗೆ ಅದು ಸಲ್ಲದು.

ಅಭ್ಯಂಗ ನಮಗೆ ಹೊಸದಲ್ಲ. ಬಾಣಂತಿಗೆ, ಮಗುವಿಗೆ, ದೀಪಾವಳಿಯ ಬೆಳಿಗ್ಗೆ ಮನೆಮಂದಿಗೆಲ್ಲ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವ ರೂಢಿ ಇಂದಿಗೂ ಇದೆ. ಬೆಳಗಿನ ಬಿಗಿತವಿರುವ ಕೀಲುಗಳಿಗೆ ಬೆಚ್ಚನೆಯ ಎಣ್ಣೆ, ಆನಂತರ ಬಿಸಿನೀರು ಹಿತ ಕೊಡುತ್ತವೆ. 2022ರಲ್ಲಿ ಅಮೆರಿಕದ ರುಮಟಾಲಜಿ ವೈದ್ಯರ ಸಂಘಟನೆ ರುಮಟಾಯ್ಡ್ ಸಂಧಿವಾತಕ್ಕಾಗಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಔಷಧದ ಜೊತೆಗೆ ಮಸಾಜ್, ಶಾಖ, ಅಕ್ಯುಪಂಕ್ಚರ್ ಮಾಡಿಸಿಕೊಳ್ಳಬಹುದೆಂದಿದೆ. ಆದರೆ ಅದು ಷರತ್ತಿನ ಶಿಫಾರಸು, ಅಂದರೆ ಪುರಾವೆ ಬಲವಾಗಿಲ್ಲ, ರೋಗಿಯ ಇಷ್ಟ ನೋಡಿ ನಿರ್ಧರಿಸಿ ಎಂದರ್ಥ. ಅದೇ ಮಾರ್ಗಸೂಚಿ ಬೆನ್ನು, ಕತ್ತು ತಿರುಚುವ ಕೈರೋಪ್ರಾಕ್ಟಿಕ್ ಬೇಡವೆಂದಿದೆ. ಈ ಕಾಯಿಲೆಯಲ್ಲಿ ಕತ್ತಿನ ಮೇಲ್ತುದಿಯ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲವಾಗಿರುವ ಸಾಧ್ಯತೆ ಇರುತ್ತದೆ. ಅಂಥವರ ಕತ್ತನ್ನು ಲಟಕ್ಕನೆ ತಿರುಗಿಸಿದರೆ ಬೆನ್ನುಹುರಿಗೇ ಪೆಟ್ಟು. ಸಲೂನಿನಲ್ಲಿ ಕ್ಷೌರದ ಕೊನೆಗೆ ಕತ್ತು ಮುರಿಯುವುದನ್ನೂ ನಮ್ಮಂಥವರು ಬೇಡವೆನ್ನಬೇಕು. ಕೆಂಪಾಗಿ, ಬಿಸಿಯಾಗಿ ಊದಿರುವ ಕೀಲಿನ ಮೇಲೆ ತಿಕ್ಕಿಸಿಕೊಳ್ಳಬಾರದು. ಸುತ್ತಲಿನ ಸ್ನಾಯುಗಳನ್ನು ಹಗುರವಾಗಿ ನೀವಿದರೆ ಸಾಕು. ವರ್ಷಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡವರ ಚರ್ಮ ತೆಳುವಾಗಿರುತ್ತದೆ, ಮೂಳೆ ಪೊಳ್ಳಾಗಿರುತ್ತದೆ, ಮಸಾಜ್ ಮಾಡುವವರಿಗೆ ಇದು ಗೊತ್ತಿರಬೇಕು.

ಪಂಚಕರ್ಮದ ಪ್ಯಾಕೇಜಿನಲ್ಲಿ ಎಣ್ಣೆಯ ಜೊತೆಗೆ ಹೊಟ್ಟೆಗೆ ಕೊಡುವ ಔಷಧಗಳೂ ಇರುತ್ತವೆ. ಅದು ಬೇರೆಯೇ ನಿರ್ಧಾರ. ಮೆಥೊಟ್ರೆಕ್ಸೇಟ್ ಯಕೃತ್ತಿನ ಮೇಲೆ ಭಾರ ಹಾಕುತ್ತದೆ, ಅದರ ಮೇಲೆ ಇನ್ನೊಂದು ಔಷಧ ಹೇರುವ ಮೊದಲು ಎರಡೂ ಕಡೆಯ ವೈದ್ಯರಿಗೆ ಎರಡೂ ಚೀಟಿಗಳನ್ನು ತೋರಿಸಬೇಕು.

ಪಾದದ ರಿಫ್ಲೆಕ್ಸಾಲಜಿ ಮತ್ತು ಕ್ರೇನಿಯೋಸೇಕ್ರಲ್ ಥೆರಪಿಯನ್ನು ಬೇಗ ಮುಗಿಸುತ್ತೇನೆ. ಅಂಗಾಲಿನ ಒಂದೊಂದು ಬಿಂದುವೂ ಒಂದೊಂದು ಅಂಗಕ್ಕೆ ಜೋಡಿಸಿಕೊಂಡಿದೆ ಎಂಬ ನಕ್ಷೆಗೆ ಶರೀರಶಾಸ್ತ್ರದಲ್ಲಿ ಆಧಾರವಿಲ್ಲ. ಕಾಲು ಒತ್ತಿಸಿಕೊಂಡರೆ ಹಿತವೆನಿಸುವುದು ಮಾತ್ರ ನಿಜ, ಆ ಹಿತಕ್ಕಷ್ಟೇ ಬೆಲೆ ಕೊಡಿ. ತಲೆಬುರುಡೆಯನ್ನು ಹಗುರವಾಗಿ ಹಿಡಿದು ಮಾಡುವ ಎರಡನೆಯದಕ್ಕೂ ಅದೇ ಮಾತು ಸಲ್ಲುತ್ತದೆ.

ಸೂಜಿ

ಅಕ್ಯುಪಂಕ್ಚರ್ ನಡುಜಾಗದಲ್ಲಿದೆ. ಮೊಣಕಾಲಿನ ಸವೆತ, ಬೆನ್ನುನೋವು, ತಲೆನೋವಿನ ಬಗ್ಗೆ ಸುಮಾರು 20 ಸಾವಿರ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ ಅದು ಹುಸಿ ಸೂಜಿಗಿಂತ ಸ್ವಲ್ಪ ಮೇಲೆ, ಚಿಕಿತ್ಸೆಯೇ ಇಲ್ಲದ್ದಕ್ಕಿಂತ ಸಾಕಷ್ಟು ಮೇಲೆ ನಿಂತಿತು. ಸ್ತನ ಕ್ಯಾನ್ಸರ್ ಮರುಕಳಿಸದಂತೆ ಈಸ್ಟ್ರೊಜನ್ ಹಾರ್ಮೋನ್ ತಯಾರಿಸುವ ಅರೊಮಟೇಸ್ ಕಿಣ್ವವನ್ನು ತಡೆಯುವ ಮಾತ್ರೆ ನುಂಗುವ ಹೆಂಗಸರನ್ನು ತೀವ್ರ ಕೀಲುನೋವು ಕಾಡುತ್ತದೆ, ಕೆಲವರು ಆ ನೋವಿಗೇ ಮಾತ್ರೆ ಬಿಟ್ಟುಬಿಡುತ್ತಾರೆ. ಅಂಥ 226 ಹೆಂಗಸರ ಮೇಲೆ ನಡೆದ 2018ರ ಅಧ್ಯಯನದಲ್ಲಿ ಅಕ್ಯುಪಂಕ್ಚರ್‌ನಿಂದ ನೋವು ತಗ್ಗಿತು. ಈಗ ಕ್ಯಾನ್ಸರ್ ವೈದ್ಯರ ಮಾರ್ಗಸೂಚಿಗಳಲ್ಲೂ ಈ ನೋವಿಗೆ ಅದರ ಹೆಸರಿದೆ. ಈ ಬರಹದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಉದಾಹರಣೆ ಇದು: ಪೂರಕ ಚಿಕಿತ್ಸೆಯು ಮುಖ್ಯ ಚಿಕಿತ್ಸೆಯನ್ನು ಬಿಡದಂತೆ ರೋಗಿಯನ್ನು ಹಿಡಿದು ನಿಲ್ಲಿಸುವುದು. ಜೊತೆಗೆ ನಡೆಯುವ ಚಿಕಿತ್ಸೆಯಿಂದ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಸೂಜಿ ಪ್ರತಿ ಸಲವೂ ಹೊಸದಾಗಿರಬೇಕು, ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕಿಮೋಥೆರಪಿಯಿಂದ ಬಿಳಿ ರಕ್ತಕಣ ಕುಸಿದವರು ವೈದ್ಯರನ್ನು ಕೇಳದೆ ಚುಚ್ಚಿಸಿಕೊಳ್ಳಬಾರದು.

ನೀವೇ ಮಾಡಬೇಕಾದದ್ದು

ಮೇಲಿನ ಎಲ್ಲದರಲ್ಲೂ ನಾವು ಮಲಗಿರುತ್ತೇವೆ, ಇನ್ನೊಬ್ಬರು ಮಾಡುತ್ತಾರೆ. ದಣಿದ ದೇಹಕ್ಕೆ ಅದೇ ಬೇಕೆನಿಸುತ್ತದೆ, ಸಹಜ. ಆದರೆ ಆಯ್ಕೆಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಅತ್ಯಂತ ಗಟ್ಟಿ ಪುರಾವೆ ಇರುವುದು ನಾವೇ ಮೈ ಆಡಿಸುವ ಚಿಕಿತ್ಸೆಗಳಿಗೆ. ಸಂಧಿವಾತದ ಆ ಮಾರ್ಗಸೂಚಿಯಲ್ಲಿ ಷರತ್ತಿಲ್ಲದ ಬಲವಾದ ಶಿಫಾರಸು ಸಿಕ್ಕಿದ್ದು ವ್ಯಾಯಾಮಕ್ಕೆ ಮಾತ್ರ. ಬ್ರಿಟನ್ನಿನಲ್ಲಿ ಸಂಧಿವಾತವಿದ್ದ 490 ಮಂದಿಯಲ್ಲಿ ಒಂದು ಗುಂಪಿಗೆ ಕೈಬೆರಳುಗಳ ವ್ಯಾಯಾಮ ಕಲಿಸಿ ದಿನವೂ ಮಾಡಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಬಳಿಕವೂ ಅವರ ಕೈಗಳು ಎಂದಿನ ಆರೈಕೆಯಷ್ಟನ್ನೇ ಪಡೆದವರ ಕೈಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಫೈಬ್ರೊಮಯಾಲ್ಜಿಯಾಕ್ಕೆ ಚೀನಾದ ನಿಧಾನ ಚಲನೆಯ ತೈ ಚಿ ಏರೋಬಿಕ್ ವ್ಯಾಯಾಮಕ್ಕೆ ಸಮನಾಗಿ ಅಥವಾ ಅದಕ್ಕಿಂತ ಮಿಗಿಲಾಗಿ ನೆರವಾಯಿತೆಂದು 2018ರ ಅಧ್ಯಯನ ಹೇಳಿತು.

ಹಾಗಾಗಿ ಹಣ ಒಂದೇ ಕಡೆಗೆ ಸಾಲುವಷ್ಟಿದ್ದರೆ ನನ್ನ ಮೊದಲ ಮತ ಫಿಸಿಯೋಥೆರಪಿಸ್ಟ್ ಅಥವಾ ಕಾಯಿಲೆ ಬಲ್ಲ ಯೋಗ ಚಿಕಿತ್ಸಕರಿಗೆ. ಅವರು ಕಲಿಸಿದ್ದನ್ನು ಮನೆಯಲ್ಲಿ ವರ್ಷಗಟ್ಟಲೆ ಪುಕ್ಕಟೆಯಾಗಿ ಮಾಡಬಹುದು. ಕರ್ನಾಟಕದವರಿಗೆ ಇದರಲ್ಲಿ ಅನುಕೂಲವೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಯೋಗ ಮತ್ತು ಆಯುರ್ವೇದವನ್ನು ಆಧುನಿಕ ಚಿಕಿತ್ಸೆಯ ಜೊತೆ ಸೇರಿಸುವ ಸಮಗ್ರ ವೈದ್ಯಕೀಯ ವಿಭಾಗವಿದೆ. ಜಿಗಣಿಯ ಬಳಿ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯ, ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆಯವರ ಪ್ರಕೃತಿ ಚಿಕಿತ್ಸಾ ಕಾಲೇಜು, ಮೈಸೂರಿನಲ್ಲಿ ಸರ್ಕಾರಿ ಪ್ರಕೃತಿ ಚಿಕಿತ್ಸಾ ಕಾಲೇಜು ಇವೆ.

ಯಾವ ಕಾಯಿಲೆಗೆ ಯಾವ ಎಚ್ಚರ

ಕ್ಯಾನ್ಸರ್: ಮಸಾಜ್ ಮಾಡಿದರೆ ಗೆಡ್ಡೆ ಹರಡುತ್ತದೆ ಎಂಬ ಭಯಕ್ಕೆ ಪುರಾವೆಯಿಲ್ಲ. ಆದರೆ ಗೆಡ್ಡೆಯ ಮೇಲೆ, ವಿಕಿರಣ ಕೊಟ್ಟ ಚರ್ಮದ ಮೇಲೆ, ಕಿಮೋ ಔಷಧ ಕೊಡಲು ಚರ್ಮದಡಿ ಕೂರಿಸಿದ ಪೋರ್ಟ್ ಇರುವಲ್ಲಿ ಒತ್ತಬಾರದು. ಮೂಳೆಗೆ ಹರಡಿದ್ದರೆ ಆ ಭಾಗಕ್ಕೆ ಭಾರ ಬೀಳಬಾರದು. ಕಂಕುಳಿನ ದುಗ್ಧಗ್ರಂಥಿ ತೆಗೆಸಿಕೊಂಡವರ ಆ ಬದಿಯ ತೋಳಿಗೆ ಗಟ್ಟಿ ಮಸಾಜ್, ಶಾಖ ಎರಡೂ ಬೇಡ. ತೋಳು ಊದಿದರೆ ಅದಕ್ಕೆಂದೇ ತರಬೇತಾದ ಫಿಸಿಯೋಥೆರಪಿಸ್ಟ್ ಬೇಕು. ಒಂದೇ ಕಾಲು ಹಠಾತ್ತಾಗಿ ಊದಿ, ನೋಯುತ್ತಿದ್ದರೆ ನೀವಲು ಹೋಗಬೇಡಿ. ಅದು ರಕ್ತ ಹೆಪ್ಪುಗಟ್ಟಿದ್ದರ ಲಕ್ಷಣವಿರಬಹುದು, ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಅಪಾಯ. ಅಂದೇ ಆಸ್ಪತ್ರೆಗೆ ಹೋಗಬೇಕು.

ಮಧುಮೇಹ: ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿ ಪೊಟ್ಟಣದ ಶಾಖ, ಬಿಸಿ ಎಣ್ಣೆ ಸುಟ್ಟರೂ ತಿಳಿಯುವುದಿಲ್ಲ, ಬೊಕ್ಕೆ ಹುಣ್ಣಾಗಿ ಬೆರಳು ಕತ್ತರಿಸುವವರೆಗೂ ಹೋಗಬಹುದು. ಬಿಸಿಯನ್ನು ಯಾವಾಗಲೂ ಇನ್ನೊಬ್ಬರ ಕೈಯಿಂದ ಪರೀಕ್ಷಿಸಿಯೇ ಹಚ್ಚಬೇಕು.

ಡಯಾಲಿಸಿಸ್: ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿದ ಫಿಸ್ಟುಲಾ ಇರುವ ತೋಳನ್ನು ಯಾರೂ ಒತ್ತಬಾರದು, ಬಿಗಿಯಾಗಿ ಹಿಡಿಯಲೂಬಾರದು.

ಯಾರ ಕೈಗೆ ಮೈ ಕೊಡುವುದು

ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿಎನ್‌ವೈಎಸ್, ಆಯುರ್ವೇದದ ಬಿಎಎಂಎಸ್ ಪದವಿಗಳು ತರಬೇತಿ ಸೇರಿ ಐದೂವರೆ ವರ್ಷದವು. ಫಿಸಿಯೋಥೆರಪಿಯದು ನಾಲ್ಕು ವರ್ಷಕ್ಕೂ ಮಿಗಿಲು. ಸರ್ಕಾರ ಮಾನ್ಯಮಾಡಿದ ಪದ್ಧತಿಗಳ ಆಯುಷ್ ಪಟ್ಟಿಯಲ್ಲಿ ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಟಿಬೆಟಿನ ಸೋವಾ ರಿಗ್ಪಾ, ಹೋಮಿಯೋಪಥಿ ಇವೆ. ರೇಖಿ, ಪ್ರಾಣಿಕ್ ಹೀಲಿಂಗ್ ಇಲ್ಲ. ರೇಖಿ ಮಾಸ್ಟರ್ ಎಂಬ ಬಿರುದು ಅವರ ಗುರುಪರಂಪರೆಯ ಮಾತು, ಕಾಯಿಲೆಯ ತಿಳಿವಳಿಕೆಗೆ ಅದು ಪ್ರಮಾಣಪತ್ರವಾಗುವುದಿಲ್ಲ. ಆದ್ದರಿಂದ ಬಿರುದಿಗಿಂತ ಅವರು ಕೇಳುವ ಪ್ರಶ್ನೆಗಳನ್ನು ನೋಡಿ. ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ, ರಕ್ತ ಪರೀಕ್ಷೆ ಯಾವಾಗ ಆಯಿತು, ಎಲ್ಲಿ ಮುಟ್ಟಬಾರದು ಎಂದು ಕೇಳುವವರು ಕೆಲಸ ಬಲ್ಲವರು. ಏನೂ ಕೇಳದೆ ಮಂಚ ತೋರಿಸುವವರಿಂದ ಎದ್ದು ಬನ್ನಿ.

"ಮಾತ್ರೆ ಕಡಿಮೆ ಮಾಡಿ, ಅದು ದೇಹದಲ್ಲಿ ವಿಷ ತುಂಬುತ್ತಿದೆ" ಎಂಬ ಮಾತು ಕೇಳಿದ ಕೂಡಲೇ ಆ ಬಾಗಿಲನ್ನು ಮತ್ತೆ ತುಳಿಯಬಾರದು. ಸ್ಟಿರಾಯ್ಡನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ಟೈಪ್ 1 ಮಧುಮೇಹದವರು ಇನ್ಸುಲಿನ್ ಬಿಟ್ಟರೆ ಒಂದೆರಡು ದಿನಗಳಲ್ಲೇ ತೀವ್ರ ನಿಗಾ ಘಟಕ ಸೇರಬೇಕಾಗುತ್ತದೆ. ಅಪಸ್ಮಾರದ ಮಾತ್ರೆ ಬಿಟ್ಟವರಿಗೆ ನಿಲ್ಲದ ಸೆಳವು ಬರಬಹುದು. ಅಮೆರಿಕದ ದಾಖಲೆಗಳನ್ನು ಆಧರಿಸಿ 2018ರಲ್ಲಿ ಬಂದ ಎರಡು ಅಧ್ಯಯನಗಳು ನನ್ನನ್ನು ಬಹಳ ಕಲಕಿವೆ. ಗುಣವಾಗಬಲ್ಲ ಕ್ಯಾನ್ಸರಿಗೆ ಪರ್ಯಾಯ ಪದ್ಧತಿಯನ್ನಷ್ಟೇ ನಂಬಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮಿಗಿಲು. ಎರಡನೆಯ ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು: ವೈದ್ಯರ ಚಿಕಿತ್ಸೆಯ ಜೊತೆಗೇ ಪೂರಕ ಪದ್ಧತಿ ಹಿಡಿದವರಲ್ಲೂ ಸಾವು ಎರಡು ಪಟ್ಟಿತ್ತು. ಕಾರಣ ಪೂರಕ ಪದ್ಧತಿಯ ವಿಷವಲ್ಲ. ಅವರಲ್ಲಿ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ, ಕಿಮೋ, ವಿಕಿರಣ, ಹಾರ್ಮೋನ್ ಮಾತ್ರೆಗಳಲ್ಲಿ ಯಾವುದಾದರೊಂದನ್ನು ನಿರಾಕರಿಸಿದ್ದರು. ಜೊತೆಗೆಂದು ಬಂದದ್ದು ಮೆಲ್ಲಗೆ ಬದಲಿಗೆಂದು ಕುಳಿತುಕೊಳ್ಳುವುದು ಹೀಗೆ.

ಪ್ರಾಣಿಕ್ ಹೀಲಿಂಗಿನವರೇ ತಮ್ಮದು ವೈದ್ಯಕೀಯಕ್ಕೆ ಬದಲಿಯಲ್ಲ, ಪೂರಕ ಎಂದು ಲಿಖಿತವಾಗಿ ಹೇಳುತ್ತಾರೆ. ಬೇರೆ ಹೇಳುವ ಹೀಲರ್‌ಗೆ ಅವರದೇ ಮಾತನ್ನು ನೆನಪಿಸಿ. ನೋವು ಹೆಚ್ಚಾದಾಗ "ಇದು ಒಳಗಿನ ಕಲ್ಮಶ ಹೊರಬರುತ್ತಿರುವ ಲಕ್ಷಣ" ಎನ್ನುವುದು, ಗುಣವಾಗದಿದ್ದಾಗ "ನಿಮ್ಮಲ್ಲಿ ನಂಬಿಕೆ ಸಾಲದು" ಎನ್ನುವುದು ಎರಡೂ ಅಪಾಯದ ಮಾತುಗಳೇ. ಎರಡನೆಯದು ಕ್ರೂರವೂ ಹೌದು. ಕಾಯಿಲೆಯ ಹೊರೆಯ ಮೇಲೆ ಅದು ಅಪರಾಧ ಭಾವವನ್ನೂ ಹೊರಿಸುತ್ತದೆ. ಕ್ಯಾನ್ಸರ್, ಮಧುಮೇಹ, ಅಪಸ್ಮಾರ, ಪಾರ್ಶ್ವವಾಯು, ಹೃದ್ರೋಗ ಗುಣಪಡಿಸುತ್ತೇವೆಂದು ತಾಯತ, ಮಂತ್ರಗಳ ಜಾಹೀರಾತು ಕೊಡುವುದು ನಮ್ಮ ದೇಶದಲ್ಲಿ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಪರಾಧ.

ಪ್ರಯತ್ನಿಸುವ ಕ್ರಮ

ಒಂದು ಸಲಕ್ಕೆ ಒಂದನ್ನೇ ಶುರುಮಾಡಿ. ಹೊಸ ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಬದಲಿಸಿದ ತಿಂಗಳುಗಳಲ್ಲಿ ಬೇಡ, ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಶುರುಮಾಡುವ ಮೊದಲೇ ನಿಮಗೆ ಬೇಕಾದ ಬದಲಾವಣೆಯನ್ನು ಒಂದು ಸಾಲಿನಲ್ಲಿ ಬರೆದಿಡಿ: ರಾತ್ರಿ ಎಚ್ಚರವಾಗದೆ ಮಲಗುವುದು, ರೊಟ್ಟಿ ತಟ್ಟುವುದು, ಬಸ್ಸಿನ ಮೆಟ್ಟಿಲು ಹತ್ತುವುದು. ಕ್ಯಾಲೆಂಡರಿನ ಆಯಾ ದಿನದ ಮನೆಯಲ್ಲಿ ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಅಂಕ ಹಾಕುತ್ತ ಹೋಗಿ. ಐದಾರು ವಾರದಲ್ಲಿ ಆ ಒಂದು ಸಾಲಿನಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಹತ್ತು, ಇಪ್ಪತ್ತು ಸಿಟ್ಟಿಂಗ್‌ಗಳ ಹಣವನ್ನು ಮುಂಗಡವಾಗಿ ಕೊಡಬೇಡಿ. ವೈದ್ಯರಿಗೆ ಹೇಳಿ. ಅವರು ಮುಖ ಸಿಂಡರಿಸಿದರೂ ಹೇಳಿ. ನಿಮ್ಮ ಕಡತದಲ್ಲಿ ಅದು ದಾಖಲಾಗಿದ್ದರೆ ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರು ಬಂದಾಗ ಕಾರಣ ಹುಡುಕುವುದು ಸುಲಭ.

ಹಣವೇ ಇಲ್ಲದವರ ಪಾಲಿಗೂ ಒಂದು ದಾರಿ ಇದೆ. ಮುಂದುವರಿದ ಕ್ಯಾನ್ಸರಿನ 380 ಮಂದಿಯ ಅಧ್ಯಯನವೊಂದು 2008ರಲ್ಲಿ ಬಂತು. ತರಬೇತಾದವರ ಮಸಾಜನ್ನೂ, ತರಬೇತಿಯೇ ಇಲ್ಲದವರು ಸುಮ್ಮನೆ ಮೈಮೇಲೆ ಕೈ ಇಟ್ಟು ಕೂರುವುದನ್ನೂ ಅದು ಹೋಲಿಸಿತು. ಆ ಕ್ಷಣಕ್ಕೆ ಮಸಾಜ್ ಹೆಚ್ಚು ನೋವು ಇಳಿಸಿತು, ಕೆಲವು ವಾರಗಳ ಲೆಕ್ಕದಲ್ಲಿ ಎರಡೂ ಗುಂಪಿನವರು ಸಮನಾಗಿ ಸುಧಾರಿಸಿದ್ದರು. ಮನೆಯಲ್ಲಿ ಒಬ್ಬರು ಕಲಿತರೆ ಸಾಕು. ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ, ಮುಂಗೈಯಿಂದ ಬೆರಳ ತುದಿಯವರೆಗೆ, ಪಾದದಿಂದ ಮೀನಖಂಡದವರೆಗೆ ಹತ್ತು ಹದಿನೈದು ನಿಮಿಷ ಹಗುರವಾಗಿ ಸವರಬೇಕು. ಟಿವಿ ಆರಿಸಿರಬೇಕು, ಮೊಬೈಲ್ ದೂರ ಇಟ್ಟಿರಬೇಕು. ಎಷ್ಟು ಒತ್ತಬೇಕೆಂದು ನಿರ್ಧರಿಸುವವರು ರೋಗಿ. ಕೀಲು ಕೆಂಪಾಗಿ ಬಿಸಿಯಾದ ದಿನ, ಚರ್ಮದಲ್ಲಿ ಗಾಯವಿದ್ದಾಗ ಮಾಡಬಾರದು. ಜ್ವರ ಬಂದ ದಿನವೂ ಎಣ್ಣೆ ಬೇಡ. ಮೆಥೊಟ್ರೆಕ್ಸೇಟ್, ಸ್ಟಿರಾಯ್ಡ್ ಅಥವಾ ಕಿಮೋ ತೆಗೆದುಕೊಳ್ಳುವವರಿಗೆ ಜ್ವರ ಬಂದರೆ ಮೊದಲು ವೈದ್ಯರಿಗೆ ಕರೆ ಮಾಡಬೇಕು.